ತೆಂಗಿನ ಸೀಮೆಯಿಂದ ಹಿಮದ ಇಳಿಜಾರಿಗೆ

ಹಿಮ ಮುಚ್ಚಿದ ಬೆಟ್ಟದ ಇಳಿಜಾರಿನಲ್ಲಿ ಎರಡೂ ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಜಾರುವ ಸ್ಕೀಯಿಂಗ್ ಹಾಗೂ ಎರಡು ಪಾದಗಳನ್ನೂ ಒಂದೇ ಅಗಲವಾದ ಹಲಗೆಯ ಮೇಲೆ ಅಡ್ಡಲಾಗಿ ಊರಿ ಜಾರುವ ಸ್ನೋಬೋರ್ಡಿಂಗ್ ಯುರೋಪಿನ ಆಲ್ಪ್ಸ್ ಪರ್ವತಗಳ ನೂರಾರು ಹಳ್ಳಿಗಳಿಗೆ ಚಳಿಗಾಲದ ಜೀವನಾಧಾರಗಳಾಗಿವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ, ಶೆಟ್ಟಿಕೆರೆಯಂಥ ಊರಿನಲ್ಲಿ, ಶೀಶೆಯೊಳಗಿನ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದೇ ಚಳಿಗಾಲ ಬಂತೆಂಬುದರ ಗುರುತು. ಅದಕ್ಕೆ ಉಷ್ಣಾಂಶ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ನೆಲದ ಮೇಲೆ ಹಿಮ ನಿಲ್ಲಬೇಕಾದರೆ ಅದು ಸೊನ್ನೆಯ ಆಸುಪಾಸಿಗೆ ಬರಬೇಕು. ಇಷ್ಟು ಅಂತರವಿದ್ದರೂ ಕನ್ನಡನಾಡಿಗೂ ಹಿಮದ ಈ ವಿದ್ಯೆಗೂ ಇರುವ ನಂಟು ಮುಕ್ಕಾಲು ಶತಮಾನದಷ್ಟು ಹಳೆಯದು, ಮತ್ತು ಅದು ಬೆಳೆದುಬಂದದ್ದು ವಿಹಾರದ ಹಾದಿಯಲ್ಲಿ ಅಲ್ಲ, ತರಬೇತಿಯ ಹಾದಿಯಲ್ಲಿ. ಹಿಮವನ್ನು ನೋಡಿ ಬರಲು ಹೊರಟವರಿಗೆ ಸ್ಕೀಯಿಂಗ್ ದಕ್ಕುವುದಿಲ್ಲ, ಕಲಿಯಲೆಂದೇ ಹೊರಟವರಿಗೆ ಮಾತ್ರ ದಕ್ಕುತ್ತದೆ ಎಂಬ ಮಾತನ್ನು ಹಿಮಾಲಯಕ್ಕೋ ಸ್ವಿಟ್ಜರ್ಲೆಂಡಿಗೋ ಹೋಗುವ ಮನಸ್ಸಿರುವ ದಕ್ಷಿಣದ ಕುಟುಂಬಗಳು ಮೊದಲೇ ತಿಳಿದಿರಬೇಕು.

ಆಲ್ಪ್ಸ್‌ನ ಸ್ಕೀ ತಾಣವನ್ನು ಅರ್ಥಮಾಡಿಕೊಳ್ಳಲು ಅದರ ಬೇಸಿಗೆಯಿಂದ ಆರಂಭಿಸುವುದು ಒಳ್ಳೆಯದು. ಜನವರಿಯಲ್ಲಿ ಸಾವಿರಾರು ಮಂದಿ ಜಾರುವ ಅದೇ ಇಳಿಜಾರು ಜುಲೈ ತಿಂಗಳಲ್ಲಿ ಹಸುಗಳು ಮೇಯುವ ಹುಲ್ಲುಗಾವಲಾಗಿರುತ್ತದೆ. ಅಲ್ಲಿನ ರೈತರು ಶತಮಾನಗಳಿಂದ ಮರ ಕಡಿದು, ಕಲ್ಲು ಆಯ್ದು ಆ ಗೋಮಾಳಗಳನ್ನು ಹಸನು ಮಾಡಿಟ್ಟಿದ್ದರಿಂದಲೇ ಹಿಮ ಬಿದ್ದಾಗ ಅಡೆತಡೆಯಿಲ್ಲದ ಜಾರುನೆಲ ಸಿದ್ಧವಾಗುತ್ತದೆ. ಬೇಸಿಗೆ ಕಳೆದ ಮೇಲೆ ಹಸುಗಳನ್ನು ಕೆಳಗಿನ ಕೊಟ್ಟಿಗೆಗಳಿಗೆ ಇಳಿಸಿ, ಕೊಯ್ದಿಟ್ಟ ಒಣಹುಲ್ಲನ್ನು ಹಾಕುತ್ತಾ ಐದಾರು ತಿಂಗಳು ಕೆಲಸವಿಲ್ಲದೆ ಕೂರುತ್ತಿದ್ದ ಆ ಬಡ ಹಳ್ಳಿಗಳಿಗೆ ಚಳಿಗಾಲದಲ್ಲಿ ಹೊರಗಿನವರು ಬರಬಹುದು ಎಂಬ ಕಲ್ಪನೆಯೇ 19ನೆಯ ಶತಮಾನದ ಮಧ್ಯದವರೆಗೆ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಹೋಟೆಲ್ ಮಾಲೀಕ ಯೋಹಾನೆಸ್ ಬಾದ್ರುಟ್ ಎಂಬಾತ 1864ರಲ್ಲಿ ತನ್ನ ಬೇಸಿಗೆಯ ಇಂಗ್ಲಿಷ್ ಅತಿಥಿಗಳಿಗೆ, ಚಳಿಗಾಲದಲ್ಲೂ ಬಂದು ನೋಡಿ, ಹಿಡಿಸದಿದ್ದರೆ ಪ್ರಯಾಣದ ಖರ್ಚು ನನ್ನದು ಎಂದು ಪಂಥ ಕಟ್ಟಿದನೆಂದೂ, ಬಂದವರು ಈಸ್ಟರ್ ತನಕ ಊರು ಬಿಡಲಿಲ್ಲವೆಂದೂ ಅಲ್ಲಿ ಕಥೆಯಿದೆ.

ಸ್ಕೀ ಎಂಬ ಸಾಧನ ಆಲ್ಪ್ಸ್‌ನದಲ್ಲ. ಉತ್ತರ ಯುರೋಪಿನ ಜನ ಸಾವಿರಾರು ವರ್ಷಗಳಿಂದ ಹಿಮದ ಮೇಲೆ ನಡೆಯಲು, ಬೇಟೆಯಾಡಲು ಅದನ್ನು ಬಳಸುತ್ತಿದ್ದರು. ಆದರೆ ನಾರ್ವೆಯ ಸ್ಕೀ ಅಲ್ಲಿನ ಅಲೆಅಲೆಯಾದ ಗುಡ್ಡಗಳಿಗೆ ಹೊಂದುವಂಥದ್ದಾಗಿತ್ತು. ಆಲ್ಪ್ಸ್‌ನ ಕಡಿದಾದ ಇಳಿಜಾರಿನಲ್ಲಿ ತಿರುಗುವುದು ಹೇಗೆ, ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ಆಸ್ಟ್ರಿಯದ ಮಥಿಯಾಸ್ ಜ್ದಾರ್ಸ್ಕಿ 1896ರ ತನ್ನ ಪುಸ್ತಕದಲ್ಲಿ ಉತ್ತರ ಹುಡುಕಿದರೆ, ಅದೇ ದೇಶದ ಆರ್ಲ್‌ಬರ್ಗ್ ಪ್ರದೇಶದ ಹಾನೆಸ್ ಶ್ನೈಡರ್ ಹೊಸಬರಿಗೆ ಹಂತಹಂತವಾಗಿ ಕಲಿಸುವ ಪದ್ಧತಿಯನ್ನು ರೂಪಿಸಿ, ಇಂದಿಗೂ ಜಗತ್ತಿನ ಸ್ಕೀ ಶಾಲೆಗಳು ಅನುಸರಿಸುವ ಪಾಠಕ್ರಮಕ್ಕೆ ಬುನಾದಿ ಹಾಕಿದ. 1924ರಲ್ಲಿ ಫ್ರಾನ್ಸಿನ ಶಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆಯಿತು, ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟವೂ ಆ ವರ್ಷವೇ ಹುಟ್ಟಿತು. ಕಡಿದಾದ ಇಳಿಜಾರಿನ ಆಲ್ಪೈನ್ ಸ್ಪರ್ಧೆಗಳು ಮಾತ್ರ ಒಲಿಂಪಿಕ್ಸ್‌ಗೆ ಸೇರಲು 1936ರವರೆಗೆ ಕಾಯಬೇಕಾಯಿತು. ಸ್ನೋಬೋರ್ಡ್ ತೀರ ಈಚಿನದು: ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಶರ್ಮನ್ ಪಾಪೆನ್ 1965ರಲ್ಲಿ ತನ್ನ ಹೆಣ್ಣುಮಕ್ಕಳಿಗೆಂದು ಎರಡು ಸ್ಕೀಗಳನ್ನು ಜೋಡಿಸಿ ಮಾಡಿಕೊಟ್ಟ ಆಟಿಕೆಯಿಂದ ಅದು ಬೆಳೆದು, 1998ರ ನಾಗಾನೊ ಕೂಟದಲ್ಲಿ ಒಲಿಂಪಿಕ್ ಕ್ರೀಡೆಯಾಯಿತು.

ಕೆಲವರ ಸಾಹಸವಾಗಿದ್ದ ಸ್ಕೀಯಿಂಗನ್ನು ಹಲವರ ರಜೆಯನ್ನಾಗಿ ಮಾಡಿದ್ದು ಮೇಲೇರಿಸುವ ಯಂತ್ರ. ಅದಕ್ಕೂ ಮೊದಲು ಐದು ನಿಮಿಷ ಜಾರುವ ಸುಖಕ್ಕಾಗಿ ಎರಡು ಗಂಟೆ ಬೆಟ್ಟ ಹತ್ತಬೇಕಾಗಿತ್ತು. 1934ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಎರ್ನ್ಸ್ಟ್ ಕಾನ್‌ಸ್ಟಾಮ್ ಎಂಬ ಎಂಜಿನಿಯರ್ ಸ್ಕೀಯರ್‌ಗಳನ್ನು ಹಗ್ಗದ ಕೊಕ್ಕೆಯಿಂದ ಮೇಲಕ್ಕೆ ಎಳೆದೊಯ್ಯುವ ಲಿಫ್ಟನ್ನು ಕಟ್ಟಿದ; 1936ರಲ್ಲಿ ಅಮೆರಿಕದ ಸನ್ ವ್ಯಾಲಿಯಲ್ಲಿ ಮೊದಲ ಚೇರ್‌ಲಿಫ್ಟ್ ಬಂತು. ತಂತಿಗೆ ತೂಗುಬಿಟ್ಟ ಕುರ್ಚಿಗಳ ಆ ಸಾಲನ್ನು ರೂಪಿಸಿದ ರೈಲ್ವೆ ಎಂಜಿನಿಯರ್ ಜೇಮ್ಸ್ ಕರನ್, ಹಡಗಿಗೆ ಬಾಳೆಗೊನೆ ಏರಿಸುವ ಕೊಕ್ಕೆಯ ಸರಪಳಿಯನ್ನು ನೋಡಿ, ಗೊನೆಯ ಜಾಗದಲ್ಲಿ ಮನುಷ್ಯನನ್ನು ಕೂರಿಸಿದ್ದ. ಇಂದು ದೊಡ್ಡ ತಾಣವೊಂದರಲ್ಲಿ ಇಂಥ ಹತ್ತಾರು ಲಿಫ್ಟ್‌ಗಳು ಒಂದಕ್ಕೊಂದು ಕೂಡಿಕೊಂಡಿದ್ದು, ಒಂದೇ ಪಾಸಿನಲ್ಲಿ ಕಣಿವೆಯಿಂದ ಕಣಿವೆಗೆ ದಾಟಬಹುದು. ರಾತ್ರಿಯಿಡೀ ದೊಡ್ಡ ಯಂತ್ರಗಳು ಹಿಮವನ್ನು ಹೆರೆದು ಸಮ ಮಾಡುತ್ತವೆ. ಜಾಡುಗಳಿಗೆ ಇಳಿಜಾರಿನ ತೀವ್ರತೆಗೆ ತಕ್ಕಂತೆ ಬಣ್ಣದ ಗುರುತುಗಳಿರುತ್ತವೆ. ಯುರೋಪಿನ ಬಹುಪಾಲು ಕಡೆ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಕೆಲವು ದೇಶಗಳಲ್ಲಿ ನೀಲಿಗಿಂತಲೂ ಸುಲಭವಾದ ಹಸಿರು ಜಾಡೂ ಇರುತ್ತದೆ.

ಸ್ಕೀಯಿಂಗ್‌ನಲ್ಲಿ ಎರಡು ದೊಡ್ಡ ಕವಲುಗಳಿವೆ, ಅವುಗಳ ಅಂತರವಿರುವುದು ಹಿಮ್ಮಡಿಯಲ್ಲಿ. ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಗಡುಸಾದ ಪ್ಲಾಸ್ಟಿಕ್ ಬೂಟಿನ ಮುಂತುದಿಯೂ ಹಿಮ್ಮಡಿಯೂ ಸ್ಕೀಗೆ ಕಚ್ಚಿಕೊಂಡಿರುತ್ತವೆ, ಆದ್ದರಿಂದ ಅದರಲ್ಲಿ ನಡೆಯುವುದು ಕಷ್ಟ, ಇಳಿಯುವುದು ಸಲೀಸು. ನಾರ್ಡಿಕ್ ಅಥವಾ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಬೂಟಿನ ತುದಿ ಮಾತ್ರ ಸಿಕ್ಕಿಕೊಂಡಿದ್ದು ಹಿಮ್ಮಡಿ ಏಳುತ್ತದೆ; ಕಿರಿದಾದ, ಹಗುರವಾದ ಸ್ಕೀಯಲ್ಲಿ ಎರಡು ಕೋಲುಗಳ ಬಲದಿಂದ ಏರು, ಇಳಿಜಾರು, ಸಮತಟ್ಟು ಎಲ್ಲವನ್ನೂ ಸ್ವಂತ ಶ್ವಾಸದ ಬಲದಲ್ಲಿ ದಾಟಬೇಕಾದ ಇದು ಹಿಮದ ಮೇಲಿನ ದೂರದ ಓಟವೇ ಸರಿ. ರಜೆಗೆ ಹೋಗುವವರು ಸಾಮಾನ್ಯವಾಗಿ ಕಲಿಯುವುದು ಆಲ್ಪೈನ್ ಬಗೆಯನ್ನು.

ಅದರ ಮೊದಲ ಪಾಠ ನಿಲ್ಲುವುದು. ಎರಡೂ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಿದರೆ, ಸ್ಕೀಯ ಒಳ ಅಂಚಿನ ಉಕ್ಕಿನ ಪಟ್ಟಿ ಹಿಮವನ್ನು ಕೊರೆದು ವೇಗ ತಗ್ಗುತ್ತದೆ. ಎರಡನೆಯ ಪಾಠ ತಿರುಗುವುದು: ಬಲಗಾಲಿನ ಮೇಲೆ ಭಾರ ಹಾಕಿದರೆ ದಾರಿ ಎಡಕ್ಕೂ, ಎಡಗಾಲಿನ ಮೇಲೆ ಹಾಕಿದರೆ ಬಲಕ್ಕೂ ಹೊರಳುತ್ತದೆ. ಹೇಳಲು ಇಷ್ಟೇ ಆದರೂ ಹೊಸಬರ ದೇಹ ಇದಕ್ಕೆ ಒಪ್ಪುವುದಿಲ್ಲ, ಏಕೆಂದರೆ ಇಳಿಜಾರು ಕಂಡ ಕೂಡಲೇ ಹೆದರಿಕೆಯಿಂದ ಬೆನ್ನು ಹಿಂದಕ್ಕೆ ವಾಲುತ್ತದೆ, ಭಾರವೆಲ್ಲ ಹಿಮ್ಮಡಿಗೆ ಹೋಗುತ್ತದೆ, ಸ್ಕೀಯ ಮುಂಭಾಗ ಹಿಮದ ಹಿಡಿತ ಬಿಟ್ಟು ವೇಗ ಇನ್ನೂ ಹೆಚ್ಚುತ್ತದೆ. ಮೊಣಕಾಲು ಬಗ್ಗಿಸಿ, ಮೊಣಕಾಲಿನ ಕೆಳಗಿನ ಮುಂಗಾಲು ಬೂಟಿನ ನಾಲಿಗೆಗೆ ಒತ್ತುವಂತೆ, ಬೀಳುತ್ತೇನೆ ಅನಿಸುವ ದಿಕ್ಕಿಗೇ ಮೈ ಕೊಡುವುದನ್ನು ಒಗ್ಗಿಸಿಕೊಳ್ಳಲು ದಿನಗಳು ಬೇಕು. ಕಲಿಕೆಯೆಂದರೆ ಬಹುಮಟ್ಟಿಗೆ ಇದೇ. ಸ್ನೋಬೋರ್ಡಿನಲ್ಲಿ ಎರಡು ಅಂಚುಗಳಿವೆ, ಒಂದು ಕಾಲ್ಬೆರಳ ಕಡೆಯದು, ಇನ್ನೊಂದು ಹಿಮ್ಮಡಿಯ ಕಡೆಯದು. ಒಂದರಿಂದ ಇನ್ನೊಂದಕ್ಕೆ ಭಾರ ದಾಟಿಸುವ ಗಳಿಗೆಯಲ್ಲಿ ಅಂಚು ತಪ್ಪಿ ಹಿಮಕ್ಕೆ ಸಿಕ್ಕಿದರೆ ಸವಾರ ದಿಢೀರನೆ ನೆಲಕ್ಕಪ್ಪಳಿಸುತ್ತಾನೆ. ಸ್ನೋಬೋರ್ಡಿನ ಮೊದಲ ಕೆಲವು ದಿನಗಳು ಸ್ಕೀಗಿಂತ ಹೆಚ್ಚು ನೋವಿನವು, ಆಮೇಲಿನ ಪ್ರಗತಿ ವೇಗದ್ದು ಎಂಬುದು ಕಲಿಸುವವರ ಸಾಮಾನ್ಯ ಅನುಭವ. ಸ್ಕೀಯಲ್ಲಿ ಮೊಣಕಾಲಿನ ಅಸ್ಥಿಬಂಧಕ್ಕೆ, ಸ್ನೋಬೋರ್ಡಿನಲ್ಲಿ ಊರಿದ ಕೈಯ ಮಣಿಕಟ್ಟಿಗೆ ಪೆಟ್ಟಾಗುವುದು ಹೆಚ್ಚು.

ಕಲಿಯಲು ದಿನಗಳೇ ಬೇಕೆಂಬುದನ್ನು ತಿಳಿದಾಗ ಆಲ್ಪ್ಸ್‌ಗೆ ಹೋಗಿಬರುವ ಬಹುಪಾಲು ಭಾರತೀಯರಿಗೆ ಸ್ಕೀಯಿಂಗ್ ಏಕೆ ಕೈಗೆಟುಕುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. 1120ರಲ್ಲಿ ಸ್ಥಾಪನೆಯಾದ ಕ್ರೈಸ್ತ ಮಠವೊಂದರ ಸುತ್ತ ಬೆಳೆದ ಸ್ವಿಟ್ಜರ್ಲೆಂಡಿನ ಎಂಗಲ್‌ಬರ್ಗ್ ಊರಿನಿಂದ ಟಿಟ್ಲಿಸ್ ಶಿಖರದ ಕಡೆಗೆ, ಸುಮಾರು 3,020 ಮೀಟರ್ ಎತ್ತರದ ನಿಲ್ದಾಣಕ್ಕೆ, ಏರುತ್ತಲೇ ಸುತ್ತುವ ಕೇಬಲ್ ಕಾರಿನಲ್ಲಿ ಪ್ರತಿ ವರ್ಷ ಭಾರತದ ಪ್ರವಾಸಿಗಳು ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಾರೆ. ಹಿಂದಿ ಚಿತ್ರಗಳ ನಂಟು ಆ ಜಾಗಕ್ಕೆ ಅಷ್ಟು ಗಟ್ಟಿಯಾಗಿದೆ. ಅವರು ಹೋಗುವುದು ಶಾಲೆಗಳಿಗೆ ರಜೆಯಿರುವ ಏಪ್ರಿಲ್-ಮೇ ತಿಂಗಳಲ್ಲಿ, ಉಳಿಯುವುದು ಒಂದು ಹಗಲು. ಆಲ್ಪ್ಸ್‌ನ ಸ್ಕೀ ಋತುವಾದರೋ ಡಿಸೆಂಬರಿನಿಂದ ಏಪ್ರಿಲ್‌ವರೆಗಿನದು, ಯುರೋಪಿನ ಕುಟುಂಬ ಅಲ್ಲಿ ಕಳೆಯುವುದು ವಾರವಿಡೀ; ಮಕ್ಕಳು ಬೆಳಗ್ಗೆ ಸ್ಕೀ ಶಾಲೆಗೆ ಹೋಗಿ, ವಾರದ ಕೊನೆಗೆ ಚಿಕ್ಕ ಸ್ಪರ್ಧೆಯೊಂದರಲ್ಲಿ ಇಳಿದು ಊರಿಗೆ ಮರಳುತ್ತಾರೆ. ಸ್ವಿಟ್ಜರ್ಲೆಂಡಿನ ಜರ್ಮಾಟ್, ಆಸ್ಟ್ರಿಯದ ಹಿಂಟರ್‌ಟುಕ್ಸ್‌ನಂಥ ಎತ್ತರದ ಹಿಮನದಿಗಳ ಮೇಲೆ ವರ್ಷವಿಡೀ ಸ್ಕೀಯಿಂಗ್ ಸಾಧ್ಯವಿದೆಯಾದರೂ ಅಂಥವು ಬೆರಳೆಣಿಕೆಯಷ್ಟು. ಈ ದೇಶಗಳಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಂಥ ಸಾಮಾನ್ಯ ವಿಮೆಯ ಹಲವು ಪಾಲಿಸಿಗಳು ಸ್ಕೀಯಿಂಗ್ ಅಪಘಾತವನ್ನು ಒಳಗೊಳ್ಳುವುದಿಲ್ಲ, ಅದಕ್ಕೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು ಎಂಬುದು ಹೋಗುವವರ ಗಮನದಲ್ಲಿರಬೇಕು.

ಕನ್ನಡನಾಡಿನ ನಂಟಿರುವುದು ಆಲ್ಪ್ಸ್‌ಗಿಂತ ಹತ್ತಿರದ, ಕಾಶ್ಮೀರದ ಗುಲ್ಮಾರ್ಗ್‌ನೊಡನೆ. ಸುಮಾರು 2,650 ಮೀಟರ್ ಎತ್ತರದ ಈ ಹುಲ್ಲುಗಾವಲೂ ಬೇಸಿಗೆಯಲ್ಲಿ ದನ-ಕುರಿಗಳದು. ಬ್ರಿಟಿಷರು 1927ರಲ್ಲಿ ಇಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಸ್ಥಾಪಿಸಿ ಕ್ರಿಸ್‌ಮಸ್ ಮತ್ತು ಈಸ್ಟರ್ ಹೊತ್ತಿಗೆ ಕೂಟ ನಡೆಸುತ್ತಿದ್ದರು. ಸ್ವಾತಂತ್ರ್ಯ ಬಂದೊಡನೆ ಕಾಶ್ಮೀರದಲ್ಲಿ ಯುದ್ಧ ಶುರುವಾಯಿತು. ಆಗ ಅಲ್ಲಿ 19ನೆಯ ಪದಾತಿ ಡಿವಿಷನ್ನಿನ ನಾಯಕತ್ವ ವಹಿಸಿದ್ದವರು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ, ಮುಂದೆ ಭೂಸೇನೆಯ ಮುಖ್ಯಸ್ಥರಾದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿದ ಅದೇ ಡಿವಿಷನ್, ಹಿಮದಲ್ಲಿ ಚಲಿಸಬಲ್ಲ ಸೈನಿಕರಿಲ್ಲದೆ ಆ ಗಡಿಯನ್ನು ಕಾಯಲಾಗದೆಂದು ಕಂಡುಕೊಂಡು, ಡಿಸೆಂಬರಿನಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀ ಶಾಲೆಯೊಂದನ್ನು ತೆರೆಯಿತು. ಆ ಶಾಲೆಯೇ ಬೆಳೆದು ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ; ಸಿಯಾಚಿನ್ನಿನಂಥ ಎತ್ತರಗಳಿಗೆ ಹೋಗುವ ಸೈನಿಕರಿಗೆ ಪಾಠ ಹೇಳುವ ಸಂಸ್ಥೆ ಅದು. ಹಿಮವೇ ಬೀಳದ ಕಾಫಿ ಸೀಮೆಯಿಂದ ಬಂದ ಸೇನಾನಿಯ ಡಿವಿಷನ್ನಿನಿಂದ ಸ್ವತಂತ್ರ ಭಾರತದ ಸ್ಕೀ ಶಿಕ್ಷಣ ಆರಂಭವಾಯಿತೆಂಬ ಈ ಸಂಗತಿಗೆ ಕನ್ನಡದ ಪಠ್ಯಪುಸ್ತಕಗಳಲ್ಲಿ ಒಂದು ಸಾಲಾದರೂ ಸಿಗಬೇಕಿತ್ತು. ಕರ್ನಾಟಕ ಸರ್ಕಾರದ ಸಾಹಸ ಕ್ರೀಡೆಗಳ ಅಕಾಡೆಮಿ ತಿಮ್ಮಯ್ಯನವರ ಹೆಸರನ್ನು ಹೊತ್ತಿರುವುದು ಅಷ್ಟರಮಟ್ಟಿಗೆ ಸಮಾಧಾನದ ವಿಷಯ.

ನಾಗರಿಕರಿಗಾಗಿ ಕೇಂದ್ರ ಪ್ರವಾಸೋದ್ಯಮ ಇಲಾಖೆ 1968ರಲ್ಲಿ ಗುಲ್ಮಾರ್ಗ್‌ನಲ್ಲಿಯೇ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯನ್ನು ತೆರೆಯಿತು. 1998ರಲ್ಲಿ ಗೊಂಡೋಲಾ ಎಂಬ ಮುಚ್ಚುಪೆಟ್ಟಿಗೆಯ ರೋಪ್‌ವೇ ಕೊಂಗ್‌ಡೂರಿಯವರೆಗೆ, 2005ರಲ್ಲಿ ಅಲ್ಲಿಂದ ಅಫರ್ವತ್ ಪರ್ವತದ ಭುಜದವರೆಗೆ ಬಂತು. ಈ ಎರಡನೆಯ ಹಂತ ಸುಮಾರು 3,900 ಮೀಟರ್ ಎತ್ತರ ಮುಟ್ಟುವುದರಿಂದ ಜಗತ್ತಿನ ಅತಿ ಎತ್ತರದ ಸ್ಕೀ ಲಿಫ್ಟ್‌ಗಳ ಸಾಲಿಗೆ ಸೇರುತ್ತದೆ. ಗುಲ್ಮಾರ್ಗ್ ಪ್ರದೇಶದ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದು ಜೈಂಟ್ ಸ್ಲಾಲಮ್‌ನಲ್ಲಿ 45ನೆಯ ಸ್ಥಾನ ಪಡೆದರು. ಜೈಂಟ್ ಸ್ಲಾಲಮ್ ಎಂದರೆ ದೂರದೂರಕ್ಕೆ ನೆಟ್ಟ ಬಾವುಟದ ಬಾಗಿಲುಗಳ ನಡುವೆ ಹೊರಳುತ್ತಾ ಇಳಿಯುವ ಸ್ಪರ್ಧೆ.

ಇದೇ ಗುಲ್ಮಾರ್ಗ್‌ನಲ್ಲಿ 2024ರ ಫೆಬ್ರವರಿಯಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಮೂರು ಚಿನ್ನ ತಂದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಪರ್ವತಾರೋಹಣದ ತರಬೇತಿಯ ಮೂಲಕ ಹಿಮಕ್ಕೆ ಬಂದ ಇವರು ಹುಟ್ಟೂರಿನಲ್ಲಿ ಎಂದೂ ಹಿಮ ಕಂಡವರಲ್ಲ. ಮನಾಲಿಯ, ಗುಲ್ಮಾರ್ಗ್‌ನ ಮಕ್ಕಳು ನಡೆಯಲು ಕಲಿತ ಹಾಗೇ ಜಾರಲು ಕಲಿಯುವಾಗ, ಬೆಳೆದ ಮೇಲೆ ಕಲಿಯತೊಡಗಿ ಅವರನ್ನು ಹಿಂದಿಕ್ಕಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಂದರೆ ಭೂಮಿಯ ದಕ್ಷಿಣಾರ್ಧದಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ, ಚಿಲಿ ದೇಶದ ಕೊರಾಲ್ಕೊದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ವಿಭಾಗದಲ್ಲಿ ಅವರಿಗೆ ಕಂಚು ಸಿಕ್ಕಿತು. ಆಲ್ಪೈನ್ ವಿಭಾಗದಲ್ಲಿ ಮನಾಲಿ ಕಡೆಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಗೆದ್ದ ಕಂಚು ಸ್ಕೀಯಿಂಗ್‌ನಲ್ಲಿ ಭಾರತದ ಮೊದಲ ಅಂತಾರಾಷ್ಟ್ರೀಯ ಪದಕವಾಗಿತ್ತು. ದಕ್ಷಿಣದ ಕ್ರೀಡಾಳುವಿಗೆ ನಾರ್ಡಿಕ್ ಬಗೆ ಒಗ್ಗಿದ್ದರಲ್ಲಿ ಒಂದು ನ್ಯಾಯವಿದೆ: ಅದರಲ್ಲಿ ಬಾಲ್ಯದ ಇಳಿಜಾರಿಗಿಂತ ಹೃದಯ-ಶ್ವಾಸಕೋಶಗಳ ತಾಳಿಕೆಗೆ ಬೆಲೆ ಹೆಚ್ಚು, ಆ ತಾಳಿಕೆಯನ್ನು ಯಾವ ಊರಿನ ರಸ್ತೆಯಲ್ಲಾದರೂ ಓಡಿ ಗಳಿಸಬಹುದು.

ಕಲಿಯಲು ಹೊರಡುವ ಸಾಮಾನ್ಯರಿಗೂ ದಾರಿ ಇದೆ. ಗುಲ್ಮಾರ್ಗ್‌ನ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮ ಜನವರಿಯಿಂದ ಮಾರ್ಚ್ ನಡುವೆ ತರಬೇತಿ ಶಿಬಿರ ನಡೆಸುತ್ತವೆ. ಔಲಿಯಲ್ಲಿ 7 ದಿನದ, 14 ದಿನದ ಶಿಬಿರಗಳಿವೆ. ತಿಪಟೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದರೆ ಅಲ್ಲಿಂದ ಶ್ರೀನಗರಕ್ಕೆ ವಿಮಾನವಿದೆ, ಶ್ರೀನಗರದಿಂದ ತಂಗ್‌ಮಾರ್ಗ್ ಮೂಲಕ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. 2025ರ ಜೂನ್‌ನಲ್ಲಿ ಚೆನಾಬ್ ಸೇತುವೆ ತೆರೆದ ಮೇಲೆ ಕಟ್ರಾದಿಂದ ಶ್ರೀನಗರಕ್ಕೆ ರೈಲೂ ಓಡುತ್ತಿದೆ. ಆ ವರ್ಷದ ಏಪ್ರಿಲ್ 22ರಂದು ಪಹಲ್ಗಾಮ್ ಬಳಿ ನಡೆದ ಹತ್ಯಾಕಾಂಡದಲ್ಲಿ ಕರ್ನಾಟಕದವರೂ ಜೀವ ಕಳೆದುಕೊಂಡದ್ದನ್ನು ಮರೆಯಲಾಗದು, ಕಾಶ್ಮೀರಕ್ಕೆ ಹೊರಡುವ ಮುನ್ನ ಅಲ್ಲಿನ ಸ್ಥಿತಿ ವಿಚಾರಿಸಿಕೊಳ್ಳುವುದು ಅಗತ್ಯ. ದಾರಿಗಿಂತ ದೊಡ್ಡ ಅಡ್ಡಿ ಪಂಚಾಂಗದ್ದು. ಹಿಮ ಒಳ್ಳೆಯದಾಗಿರುವ ತಿಂಗಳುಗಳಲ್ಲಿ ತೆಂಗಿನ ಸೀಮೆಯ ಹೊಲದಿಂದ ರಾಗಿ ಕಣಕ್ಕೆ ಬಂದಿರುತ್ತದೆ, ಮಕ್ಕಳು ಮಾರ್ಚ್ ಪರೀಕ್ಷೆಗೆ ಓದುತ್ತಿರುತ್ತಾರೆ. ರಜೆ ಸಿಕ್ಕುವ ಮೇ ತಿಂಗಳಲ್ಲಿ ಮನಾಲಿ ಬಳಿಯ ರೋಹ್ತಾಂಗ್‌ಗೆ ಹೋದರೆ ಬಾಡಿಗೆಯ ಕೋಟು, ಗಮ್‌ಬೂಟು ತೊಟ್ಟು ಕರಗುತ್ತಿರುವ ಹಳೆಯ ಹಿಮದ ಮೇಲೆ ಫೋಟೊ ತೆಗೆಸಿಕೊಳ್ಳಬಹುದು, ಅಷ್ಟೇ. ಪದವಿ ಕಾಲೇಜಿನ ವಿದ್ಯಾರ್ಥಿಗಳಿಗೆ, ಕೆಲಸಕ್ಕೆ ಸೇರಿದ ಹೊಸತರಲ್ಲಿರುವ ಯುವಕ-ಯುವತಿಯರಿಗೆ ಈ ಕಟ್ಟು ಕಡಿಮೆ; ಒಂದು ವರ್ಷದ ರಜೆಗಳನ್ನು ಕೂಡಿಸಿ ಜನವರಿಯ ಶಿಬಿರವೊಂದಕ್ಕೆ ಮುಡಿಪಿಟ್ಟರೆ ಅದು ಹತ್ತು ಊರು ಸುತ್ತುವುದಕ್ಕಿಂತ ಹೆಚ್ಚಿನದನ್ನು ಕೊಡುತ್ತದೆ.

ಸುಮಾರು 800 ಮೀಟರ್ ಎತ್ತರದ ತೆಂಗಿನ ಸೀಮೆಯ ಬಯಲಿನವರ ದೇಹ 2,500 ಮೀಟರ್ ದಾಟಿದ ಮೇಲೆ ವಿರಳ ಗಾಳಿಗೆ ಒಗ್ಗಿಕೊಳ್ಳಲು ಒಂದೆರಡು ದಿನ ಕೇಳುತ್ತದೆ. ತಲೆನೋವು, ವಾಕರಿಕೆ ಕಾಣಿಸಿದರೆ ಇನ್ನೂ ಮೇಲೆ ಏರಬಾರದು. ಹಿಮ ಬಿಸಿಲನ್ನು ಕನ್ನಡಿಯಂತೆ ಮುಖಕ್ಕೆ ತಿರುಗಿಸುವುದರಿಂದ ಕಪ್ಪು ಕನ್ನಡಕವಿಲ್ಲದೆ ಒಂದು ಹಗಲು ಕಳೆದರೂ ಕಣ್ಣು ಉರಿದು ನೋಟ ಮಸುಕಾಗಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ ಹಿಮಕುಸಿತ. ಪದರಪದರವಾಗಿ ಬಿದ್ದ ಹಿಮದಲ್ಲಿ ಕೆಳಪದರ ಸಡಿಲವಾಗಿದ್ದರೆ, ಮೇಲಿನ ಗಟ್ಟಿ ಪದರ ಒಬ್ಬ ಸ್ಕೀಯರ್‌ನ ಭಾರಕ್ಕೇ ಬಿರುಕುಬಿಟ್ಟು ಇಡಿಯಾಗಿ ಜಾರುತ್ತದೆ; ಹೂತುಹೋದವರನ್ನು ಮೊದಲ ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಕುಸಿಯುತ್ತದೆ. ಗುಲ್ಮಾರ್ಗ್ ಬಳಿ 2010ರ ಫೆಬ್ರವರಿಯಲ್ಲಿ ತರಬೇತಿನಿರತ ಸೈನಿಕರ ಮೇಲೆ ಕುಸಿದ ಹಿಮ 17 ಮಂದಿಯನ್ನು ಬಲಿ ತೆಗೆದುಕೊಂಡಿತು. 2023ರಲ್ಲಿ ಪೋಲೆಂಡಿನ ಇಬ್ಬರು, 2024ರಲ್ಲಿ ರಷ್ಯದ ಒಬ್ಬರು ಅಫರ್ವತ್‌ನ ಗುರುತಿಲ್ಲದ ಇಳಿಜಾರುಗಳಲ್ಲಿ ಸತ್ತರು. ಗುರುತು ಹಾಕಿ ಕಾವಲಿಟ್ಟ ಜಾಡುಗಳನ್ನು ಬಿಟ್ಟು ಕದಲುವುದು ಹೊಸಬರ ಕೆಲಸವಲ್ಲ.

ಹಿಮವೇ ಬಾರದಿರುವುದು ಈಚಿನ ಚಿಂತೆ. ಹಿಮಾಲಯದ ಪಶ್ಚಿಮ ಭಾಗಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಮಾರುತಗಳು. ಅವು ದುರ್ಬಲವಾದ 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ನೆಲ ಕಂದುಬಣ್ಣದ್ದಾಗಿಯೇ ಇತ್ತು, ಫೆಬ್ರವರಿ ಆರಂಭಕ್ಕೆ ನಿಗದಿಯಾಗಿದ್ದ ಖೇಲೋ ಇಂಡಿಯಾ ಕೂಟ ತಿಂಗಳ ಕೊನೆಯ ವಾರಗಳಿಗೆ ಹೋಯಿತು. 2025ರಲ್ಲಿ ಅದೇ ಕಾರಣಕ್ಕೆ ಫೆಬ್ರವರಿಯ ಕೂಟ ಮಾರ್ಚ್‌ಗೆ ದಾಟಿತು. ಔಲಿಗೆ ಜೋಶಿಮಠದಿಂದ ಹೋಗುತ್ತಿದ್ದ ಸುಮಾರು 4 ಕಿಲೋಮೀಟರಿನ ರೋಪ್‌ವೇ, ಆ ಊರಿನ ನೆಲವೇ ಕುಸಿಯತೊಡಗಿದಾಗ 2023ರ ಜನವರಿಯಲ್ಲಿ ನಿಂತಿತು. ಆಲ್ಪ್ಸ್‌ನ ತಗ್ಗಿನ ಹಳ್ಳಿಗಳು ಗುಡ್ಡದ ಮೇಲೆ ಕೆರೆ ತೋಡಿಸಿ, ಆ ನೀರನ್ನು ತಣ್ಣನೆಯ ರಾತ್ರಿಗಳಲ್ಲಿ ಹನಿಹನಿಯಾಗಿ ಗಾಳಿಗೆ ಚಿಮ್ಮಿಸಿ ಕೃತಕ ಹಿಮ ಮಾಡಿಕೊಳ್ಳುತ್ತಿವೆ. ಅದಕ್ಕೆ ನೀರೂ ವಿದ್ಯುತ್ತೂ ಅಪಾರವಾಗಿ ಬೇಕು, ರಾತ್ರಿ ಸಾಕಷ್ಟು ತಣ್ಣಗಾಗದಿದ್ದರೆ ಅದೂ ಆಗದು. ಕೆಲವು ಹಳ್ಳಿಗಳು ಲಿಫ್ಟ್ ಕಳಚಿ, ಗೋಮಾಳವನ್ನು ಮತ್ತೆ ಹಸುಗಳಿಗಷ್ಟೇ ಬಿಟ್ಟುಕೊಟ್ಟಿವೆ.

ಹಿಮವಿಲ್ಲದ ತಿಂಗಳುಗಳಲ್ಲಿ ಜಗತ್ತಿನ ನಾರ್ಡಿಕ್ ಸ್ಪರ್ಧಿಗಳೆಲ್ಲ ಅಭ್ಯಾಸ ಮಾಡುವುದು ರೋಲರ್ ಸ್ಕೀಯಲ್ಲಿ. ಒಂದು ಮೊಳಕ್ಕಿಂತ ಉದ್ದವಾದ ಪಟ್ಟಿಯ ಎರಡು ತುದಿಗಳಿಗೆ ಪುಟ್ಟ ಗಾಲಿಗಳಿರುವ, ಹಿಮದ ಬೂಟನ್ನೇ ಹಾಕಿಕೊಂಡು ಟಾರು ರಸ್ತೆಯ ಮೇಲೆ ಕೋಲೂರಿ ಓಡಿಸುವ ಸಾಧನ ಅದು. ಅದಕ್ಕೆ ಬೇಕಾದದ್ದು ಗುಂಡಿಯಿಲ್ಲದ ರಸ್ತೆ, ಹೆಲ್ಮೆಟ್ ಮತ್ತು ವಾಹನಗಳಿಲ್ಲದ ಹೊತ್ತು, ಏಕೆಂದರೆ ಬಹುಪಾಲು ರೋಲರ್ ಸ್ಕೀಗಳಿಗೆ ಬ್ರೇಕ್ ಇರುವುದಿಲ್ಲ. ಜಿಲ್ಲಾ ಕ್ರೀಡಾಂಗಣಗಳಲ್ಲಿ ಇಂಥ ನಾಲ್ಕೈದು ಜೊತೆ ಸಿಗುವಂತಾದರೆ, ದೂರದ ಓಟದಲ್ಲಿ ಮುಂದಿರುವ ಹಳ್ಳಿಯ ಹುಡುಗ-ಹುಡುಗಿಯರು ಜನವರಿಯ ಶಿಬಿರಕ್ಕೆ ಹೋಗುವ ಮುನ್ನವೇ ಕೈಕಾಲುಗಳ ಅರ್ಧ ಪಾಠವನ್ನು ತಮ್ಮ ತಾಲ್ಲೂಕಿನಲ್ಲೇ ಮುಗಿಸಿರಬಹುದು.